ಬ್ಲೋವರ್ ಬಿಚ್ಚಿದ ದಿನ

ಗ್ಯಾರೇಜಿನ ಹಿಂದಿನ ಕೋಣೆ
ಡಿಸೆಂಬರ್ ೯, ಬುಧವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಪಕ್ಕೆಲುಬಿನ ನೋವು ಇಳಿಯಿತೇ? ಎಡಗಿವಿ ಈಗಲಾದರೂ ಕೇಳಿಸುತ್ತಿದೆಯೇ? ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಂತೆ. ನನ್ನ ಉಣ್ಣೆ ಕೋಟು ನೀನು ಕದ್ದೊಯ್ದದ್ದೇ ಒಳ್ಳೆಯದಾಯಿತು, ಹಾಕಿಕೋ. ನನ್ನ ಬಲಗಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಗಾಬರಿಯಾಗಬೇಡ, ಪೂರ್ತಿ ಓದು.

ನೀನು ತಪ್ಪಿಸಿಕೊಂಡು ಹೋದ ಮೇಲೆ ಮೊದಲ ಸಲ, ನಿನ್ನೆ ಬೆಳಿಗ್ಗೆ ಭಾವ ಬಂದಿದ್ದ. ಇನ್ನೂ ಭಾವ ಅಂತಲೇ ಬಾಯಿಗೆ ಬರುತ್ತದೆ ನೋಡು! ಆ ಹಳೇ ವ್ಯಾನಿನ ಹೀಟರಿನಲ್ಲಿ ಗಾಳಿ ಬರುತ್ತಿಲ್ಲ, ಗಾಜಿನ ಮಂಜು ಕರಗುತ್ತಿಲ್ಲವಂತೆ. "ಏನ್ ನಾದಿನಿ, ಮುನಿಸ್ಕೊಂಡಿದ್ದೀಯಾ? ಇವತ್ತೇ ಆಗ್ಬೇಕು, ದೂರ ಹೋಗೋದಿದೆ" ಎಂದು ಹಲ್ಲು ಕಿರಿದ. ನಿನ್ನ ಮುಖಕ್ಕೆ ಇಸ್ತ್ರಿಪೆಟ್ಟಿಗೆ ಎಸೆದ ಕೈಯಲ್ಲೇ ಕೀಲಿ ಚಾಚಿದ. ಅಲ್ಲಿಂದಲೇ ಓಡಿಸಬೇಕಿತ್ತು. ಆದರೆ ಎಲ್ಲಿಗೆ ಹೊರಟಿದ್ದಾನೆಂದು ತಿಳಿಯಬೇಕಿತ್ತಲ್ಲ? ಕೀಲಿ ತೆಗೆದುಕೊಂಡೆ.

ಫ್ಯೂಸ್ ನೋಡಿದೆ, ಸುಟ್ಟಿರಲಿಲ್ಲ. ಗಾಳಿ ಊದುವ ಬ್ಲೋವರ್ ಮೋಟಾರು ಇರುವುದು ಪಕ್ಕದ ಸೀಟಿನ ಮುಂದೆ ಸಾಮಾನಿಡುವ ಡಬ್ಬಿಯ ಹಿಂದೆ. ಕಾಲು ಬಾಗಿಲಾಚೆ ಚಾಚಿ, ತಲೆ ಒಳಗೆ ತೂರಿಸಿ ಮಲಗಿ ಡಬ್ಬಿ ಬಿಚ್ಚಿದೆ. ಚೀಟಿಯೊಂದು ಎದೆಯ ಮೇಲೆ ಬಿತ್ತು. ನಿನ್ನ ವಿಳಾಸ, ಅಕ್ಕಾ. ಮನೆ ನಂಬರು, ಮಹಡಿ, ಎಲ್ಲವೂ. ಹಿಂದೆಯೇ ಹೊಸ ಚೂರಿ. ಅದರ ಬೆಲೆಚೀಟಿ ಕೂಡ ಕಿತ್ತಿರಲಿಲ್ಲ. ಚೂರಿಯನ್ನು ಮೆಲ್ಲಗೆ ಸೀಟಿನಡಿ ತಳ್ಳಿದೆ. ಕೆಲಸ ಮಾತ್ರ ನಿಲ್ಲಿಸಲಿಲ್ಲ. ಮೋಟಾರಿನ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ, ಉರಿಯಿತು, ಕರೆಂಟ್ ಬರುತ್ತಿದೆ. ಬ್ಯಾಟರಿಯಿಂದ ನೇರ ವೈರ್ ಕೊಟ್ಟೆ, ಮೋಟಾರು ಮಿಸುಕಲಿಲ್ಲ. ಸ್ಕ್ರೂ ಬಿಚ್ಚಿ ಅದನ್ನು ಕೈಗೆತ್ತಿಕೊಂಡು, "ಮೋಟಾರೇ ಹೋಗಿದೆ. ಹೊಸದು ಬರೋಕೆ ವಾರ ಬೇಕು" ಎಂದೆ. ಹೇಳಿದ್ದು ನಿಜವನ್ನೇ, ಧ್ವನಿ ಮಾತ್ರ ಕೈಕೊಟ್ಟಿತು.

ಅವನು ಬಗ್ಗಿ, ನನ್ನ ಪಕ್ಕ ಬಿದ್ದಿದ್ದ ಚೀಟಿ ನೋಡಿದ. "ಓದಿದ್ಯಾ?" ಎಂದ. ಅಷ್ಟೇ. ಬಾಗಿಲನ್ನು ನನ್ನ ಕಾಲಿನ ಮೇಲೆ ಬಡಿದ. ತೆರೆದು ಮತ್ತೆ ಬಡಿದ. ಮೂರನೆಯ ಸಲ ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಕೂದಲು ಹಿಡಿದು ಹೊರಗೆಳೆದು, ಗಂಟಲು ಅಮುಕುತ್ತ, "ಅವಳನ್ನ ಮುಗಿಸಿ ಬಂದು ನಿನ್ನ ನೋಡ್ಕೋತೀನಿ" ಎಂದ. ಮೋಟಾರು ಇನ್ನೂ ಕೈಯಲ್ಲೇ ಇತ್ತು. ಮೂಗಿಗೆ ಬಾರಿಸಿದೆ. ಬಿದ್ದ. ಬಿದ್ದ ಮೇಲೂ ಬಾರಿಸಿದೆ ಅಕ್ಕಾ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯ ಮಾವ ಓಡಿಬಂದು, "ಸಾಕು ಮಗಳೇ, ಸತ್ತೋಗ್ತಾನೆ" ಎಂದು ಕೈ ಹಿಡಿಯದಿದ್ದರೆ ಇದನ್ನು ಲಾಕಪ್ಪಿನಿಂದ ಬರೆಯುತ್ತಿದ್ದೆನೇನೋ. ಪೊಲೀಸರು ಅವನನ್ನೂ ಚೂರಿಯನ್ನೂ ಒಯ್ದರು. ಪಶ್ಚಾತ್ತಾಪ ಆಗಲೆಂದು ನಿನ್ನೆಯಿಂದ ಕಾಯುತ್ತಿದ್ದೇನೆ, ಆಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಕೆನ್ನೆಗೊಂದು ಮುತ್ತು, ಗ್ರೀಸಿನ ಸಮೇತ.

ನಿನ್ನವಳೇ ಆದ
ಕರಿಕೈ ತಂಗಿ

ತಾ.ಕ.: ನಿನ್ನ ಊರಿನ ಕಡೆ ಹೊರಟ ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ವಿಳಾಸ ಕೊಟ್ಟವಳು ಅಮ್ಮ. ಕೇಳಿದರೆ, "ಗಂಡ ಹೆಂಡ್ತಿ ಒಂದಾಗ್ಲಿ ಅಂತ ಕೊಟ್ಟೆ ಕಣೇ" ಎಂದು ಅತ್ತಳು. ಈಗ ಅವನ ಜಾಮೀನಿಗೆ ವಕೀಲರ ಹತ್ತಿರ ಹೋಗಿದ್ದಾಳೆ. ಇವತ್ತೇ ಮನೆ ಬದಲಿಸು. ಹೊಸ ವಿಳಾಸ ನನಗೂ ಬರೆಯಬೇಡ. ನನ್ನ ಕಾಗದಗಳನ್ನು ಅಮ್ಮ ಓದುತ್ತಾಳೆ.