ಬಾಯಿಗಿಟ್ಟ ಕಡ್ಡಿ

ಸಿದ್ದಾಪುರ
ಗುರುವಾರ

ಮುಖ್ಯೋಪಾಧ್ಯಾಯರಿಗೆ, ಮೂರನೇ ತರಗತಿಯ ಲಿಖಿತಾಳ ತಾಯಿ ಸ್ವಪ್ನ ಮಾಡುವ ನಮಸ್ಕಾರಗಳು.

ನಿಮ್ಮ ಇಂಗ್ಲಿಷ್ ಮೇಷ್ಟ್ರು ಉಚ್ಚಾರಣೆ ತಿದ್ದಲು ಮಕ್ಕಳ ನಾಲಿಗೆಯ ಮೇಲೆ ಐಸ್‌ಕ್ರೀಮ್ ಕಡ್ಡಿ ಒತ್ತಿ ಹಿಡಿಯುತ್ತಾರೆ. ಇಡೀ ತರಗತಿಗೆ ಒಂದೇ ಕಡ್ಡಿ. ಒಬ್ಬರ ಎಂಜಲನ್ನು ಕರವಸ್ತ್ರಕ್ಕೆ ಒರೆಸಿ ಅದೇ ಕಡ್ಡಿಯನ್ನು ಇನ್ನೊಬ್ಬರ ಬಾಯಿಗೆ ಇಡುವುದನ್ನು ಮೊನ್ನೆ ಕಿಟಕಿಯಿಂದ ನಾನೇ ನೋಡಿದೆ. ಒಳಗೆ ಹೋಗಿ ಮೇಷ್ಟ್ರನ್ನೇ ಕೇಳಿದ್ದಕ್ಕೆ, "ಮನೇಲಿ ತೆಲುಗು ಮಾತಾಡ್ತೀರಲ್ಲ, ಆ ನಾಲಿಗೆ ಹಿಂಗೇ ಪಳಗಬೇಕು ಕಣಮ್ಮ" ಎಂದು ನಕ್ಕರು.

ಮೇಕೆ ಕಾಯುವ ನಮ್ಮತ್ತೆಗೆ ಇದನ್ನು ಹೇಳಿದೆ. "ಮರಿಗೆ ತಾಯಿ ಹಾಲು ಬಿಡಿಸಾಕೆ ನಾವೂ ಬಾಯಿಗೆ ಕಡ್ಡಿ ಕಟ್ತೀವಿ. ಆದ್ರೆ ಒಂದು ಮರಿ ಕಡ್ಡೀನ ಇನ್ನೊಂದಕ್ಕೆ ಕಟ್ಟಲ್ಲ" ಅಂದರು.

ನಾಳೆಯಿಂದ ಲಿಖಿತಾಳ ಬಾಯಿಗೆ ಯಾರೂ ಏನನ್ನೂ ಇಡಬಾರದು. ಮೇಷ್ಟ್ರು ತಮ್ಮ ಬಾಯಿ ತೆರೆದು ತೋರಿಸಲಿ, ಅವಳು ನೋಡಿ ಕಲಿಯುತ್ತಾಳೆ. ಉತ್ತರವನ್ನು ಅವಳ ಕೈಯಲ್ಲಿ ಕಳಿಸಬೇಡಿ, ನಾನೇ ಬರುತ್ತೇನೆ.

ಇನ್ನೊಂದು ಮಾತು. ಈಗ ಅಜ್ಜಿ, ಅಂದರೆ ನಮ್ಮತ್ತೆ, ತೆಲುಗಿನಲ್ಲಿ ಕರೆದರೆ ಅವಳು ಓಗೊಡುವುದಿಲ್ಲ, ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದನ್ನು ನೋಡಿದ ಅತ್ತೆ ಇವತ್ತು ಬೆಳಿಗ್ಗೆ ಮರಿಗಳ ಬಾಯಿಗೆ ಕಟ್ಟಿದ್ದ ಕಡ್ಡಿಗಳನ್ನೆಲ್ಲ ಬಿಚ್ಚಿ ಎಸೆದರು.

ಇಂತಿ,
ಸ್ವಪ್ನ