ನೋಟಗಡಿಯೊಳಗಿನ ನೀರು

ಲೆರ್ಕೆನ್, ಹಿಮನದಿ ತೀರಿಕೊಂಡ ನಲವತ್ತೊಂದನೆಯ ವರ್ಷ, ಎರಡನೆಯ ಹುಲ್ಲುಕೊಯ್ಲಿನ ವಾರ

ಆಲ್ಪ್ಸ್ ಬೆಟ್ಟಗಳ ಸಲೀಸಾದ ಹಾದಿಯಲ್ಲಿ ಹಳೆಯ ಊರುಗಳನ್ನು ನೋಡಲು ಹೊರಟಿರುವ ಎಲ್ಲರಿಗೂ,

ನೀಲವ್ವ ಇಮ್‌ಬೋಡನ್ ಮಾಡುವ ನಮಸ್ಕಾರ. ಮೇಲೆ ಬರೆದ ತೇದಿ ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನೀವು ಇದನ್ನು ಓದುವಾಗ ನಮ್ಮೂರಿನ ಮೇಲಿನ ಹಿಮನದಿ ಇನ್ನೂ ಬದುಕಿರುತ್ತದೆ, ನಾನು ಹುಟ್ಟಿರುವುದಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಗದಗಿನ ಕಡೆಯಿಂದ ಈ ಕಣಿವೆಯ ಆಸ್ಪತ್ರೆಗೆ ನರ್ಸ್ ಆಗಿ ಬಂದು, ದನ ಸಾಕುವ ಇಮ್‌ಬೋಡನ್ ಮನೆತನಕ್ಕೆ ಸೊಸೆಯಾದ ಹೆಂಗಸೊಬ್ಬಳ ಜೊತೆ ಈ ಭಾಷೆ ನಮ್ಮ ಮನೆಗೆ ಬಂತು. ಆಮೇಲೆ ಅಡುಗೆಮನೆಯೊಳಗೇ ಉಳಿಯಿತು. ಬರೆಯುವ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತೆ, ಆಡುವ ಕನ್ನಡವನ್ನು ಅವ್ವನಿಂದ. ಹಾಗಾಗಿ ನನ್ನ ನೆರೆಯವರು ಕಣಿವೆಯ ಭಾಷೆಯಲ್ಲಿ ಆಡಿದ್ದನ್ನೂ ಅವ್ವನ ಮಾತಿನಲ್ಲೇ ಬರೆಯುತ್ತೇನೆ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಮುಂದಿನದ್ದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನೀವು ನಡೆಯುವ ಹಾದಿ ಈಗಲೂ ಇದೆ. ರೋಪ್‌ವೇಯಿಂದ ಇಳಿದು, ನಮ್ಮ ಲೆರ್ಕೆನ್ ಸೇರಿ ಬೆಟ್ಟದ ಪಕ್ಕೆಗೆ ಒರಗಿಕೊಂಡ ಮೂರು ಪುಟ್ಟ ಊರುಗಳನ್ನು ಹಾದು, ಮಧ್ಯಾಹ್ನದ ಊಟಕ್ಕೆ ಚೀಸ್ ಅಂಗಡಿ ತಲುಪುವ ಹಾದಿ. ದೊಡ್ಡ ಏರಿಲ್ಲ, ಮಕ್ಕಳೂ ಮುದುಕರೂ ನಡೆಯಬಹುದು ಎಂದು ಈಗಲೂ ಬೋರ್ಡಿನಲ್ಲಿ ಬರೆದಿದೆ. ಹಾಗೆ ನಡೆಯಲು ಬರುವವರನ್ನು ನಾವು ಹಾದಿಗರು ಎನ್ನುತ್ತೇವೆ. ಹಾದಿಯ ಮೇಲೆ ನಿಂತ ಹಾದಿಗರ ಕಣ್ಣಿಗೆ ಬೀಳುವಷ್ಟು ಜಾಗಕ್ಕೆ ನೋಟಗಡಿ ಎಂದು ಹೆಸರು. ನೋಟಗಡಿಯೊಳಗೆ, ನಿಮ್ಮ ಕಾಲದ ಫೋಟೋಗಳಲ್ಲಿ ಕಾಣದ ಯಾವ ವಸ್ತುವೂ ಇರಕೂಡದು ಎಂಬುದು, ಇಲ್ಲಿಯ ಮನೆಗಳನ್ನೆಲ್ಲ ತನ್ನ ಕೈಯಲ್ಲಿಟ್ಟುಕೊಂಡಿರುವ ಪರಂಪರಾ ಮಂಡಳಿಯ ಕಾನೂನು.

ಆ ಫೋಟೋಗಳನ್ನು ತೆಗೆದವರು ನೀವು. ಬಿಸಿಲಿಗೆ ಕಪ್ಪಾದ ಮರದ ಗೋಡೆ, ಕಲ್ಲುಚಪ್ಪಡಿಯ ಮಾಡು, ಇಲಿ ಹತ್ತದಂತೆ ಅಣಬೆಯಾಕಾರದ ಕಲ್ಲುಗಳ ಮೇಲೆ ನಿಲ್ಲಿಸಿದ ಕಣಜ, ಕಿಟಕಿಯಲ್ಲಿ ಕೆಂಪು ಜೆರೇನಿಯಂ ಹೂವು, ಎಲ್ಲವನ್ನೂ ತೆಗೆದಿರಿ. ಪೈಪು, ನಲ್ಲಿ, ಹಿತ್ತಲಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಕಂಡರೆ ಪಕ್ಕಕ್ಕೆ ಸರಿದು ನಿಂತು ತೆಗೆದಿರಿ. ನಿಮ್ಮ ಕಾಲದಲ್ಲಿ ಇಲ್ಲಿಯ ಪ್ರತಿ ಮನೆಯಲ್ಲೂ ನಲ್ಲಿ ಇತ್ತು. ಫೋಟೋದಲ್ಲಿ ಇಲ್ಲವಾದ್ದರಿಂದ ಅದು ಇರಲೇ ಇಲ್ಲವೆಂದು ತೀರ್ಮಾನವಾಯಿತು.

ಹಿಮನದಿ ಹೋದ ಮೇಲೆ ಮೇಲಿನ ಒರತೆ ಬತ್ತಿತು. ಮಂಡಳಿಯವರು ಹಾದಿಯ ಕೆಳಗಿನ ತಿರುವಿನಲ್ಲಿ, ಹಾದಿಗರಿಗೆ ಕಾಣದ ಹಾಗೆ, ಕುಡಿಯುವ ನೀರಿನ ಟ್ಯಾಂಕು ಕಟ್ಟಿಸಿದರು. ಅಲ್ಲಿಂದ ಮನೆಗಳಿಗೆ ಪೈಪು ಎಳೆಯಬೇಕಾದರೆ ಹಾದಿಯ ಕಲ್ಲುಗಳನ್ನು ಎಬ್ಬಿಸಬೇಕು. ಆ ಕಲ್ಲುಗಳು ಪರಂಪರೆ, ಮುಟ್ಟುವಂತಿಲ್ಲ. ಹೊತ್ತು ತನ್ನಿ ಎಂದರು. ಪ್ಲಾಸ್ಟಿಕ್ ಕೊಡ ಕಾಣಬಾರದೆಂದು ಬೆನ್ನಿಗೆ ಕಟ್ಟುವ ಮರದ ಪೀಪಾಯಿ ಕೊಟ್ಟರು. ಬರಿದಾಗಿದ್ದಾಗಲೇ ಅದು ಭಾರ. ಇತ್ತ ಊರ ನಡುವಿನ ಮರದ ತೊಟ್ಟಿ ಮಾತ್ರ ದಿನವಿಡೀ ಹರಿಯುತ್ತದೆ, ಏಕೆಂದರೆ ನಿಮ್ಮ ಫೋಟೋಗಳಲ್ಲಿ ಹರಿಯುತ್ತದೆ. ಅದೇ ನೀರನ್ನು ಮೋಟಾರು ಸುತ್ತಿಸುತ್ತಲೇ ಇರುತ್ತದೆ. ಪಾಚಿ ಕಟ್ಟದಿರಲೆಂದು ಮದ್ದು ಬೆರೆಸುತ್ತಾರೆ. ನಮ್ಮ ಹಸುಗಳು ಮೂಸಿ ನೋಡಿ ಮುಖ ತಿರುಗಿಸುತ್ತವೆ. ಜೆರೇನಿಯಂಗೂ ಆ ನೀರು ಆಗದು. ನಾವು ಹೊತ್ತು ತಂದದ್ದರಲ್ಲೇ ಅದಕ್ಕೂ ಪಾಲು. ಹೂವು ಬಾಡಿದರೆ ದಂಡ.

ನನ್ನ ಪಕ್ಕದ ಮನೆಯಲ್ಲಿ ಬಾರ್ಬ್ಲಾ ಇದ್ದಾಳೆ. ನನ್ನ ಅವ್ವನಿಗಿಂತ ಹಿರಿಯಳು, ಹಾಲು ಕರೆಯುವಾಗ ಹಸುವಿನೊಡನೆ ರಾಜಕೀಯ ಮಾತಾಡುವವಳು. ಅವಳ ಪಾಲಿನ ನೀರನ್ನೂ ನಾನೇ ತರುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಕಳೆದ ವರ್ಷ ಎಲೆ ಹಳದಿಯಾಗುವ ಕಾಲದಲ್ಲಿ, ಸಣ್ಣ ಮಳೆ ಬಿದ್ದು ನಿಂತ ಒಂದು ಬೆಳಿಗ್ಗೆ, ಅವಳು ಪೀಪಾಯಿ ತುಂಬಿಕೊಂಡು ಮೇಲೆ ಬರುತ್ತಿದ್ದಳು. ಹಾದಿಗರ ಗುಂಪೊಂದು ಎದುರಾಯಿತು. ನಾನು ಹೊಲದ ಅಂಚಿನಲ್ಲಿ ಕುಡುಗೋಲು ಮಸೆಯುತ್ತಿದ್ದೆ. ಗೈಡ್ ಹುಡುಗಿ ದನಿ ತಗ್ಗಿಸಿ, ಇದು ಶತಮಾನಗಳಿಂದ ಮುರಿಯದೆ ಬಂದ ರೂಢಿ ಎಂದು ವಿವರಿಸುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಕಲಿಸಿದ್ದೇ ಅದು. ಗುಂಪಿನಲ್ಲಿದ್ದ ನಡುವಯಸ್ಸಿನ ಒಬ್ಬ ಗಂಡಸು ಬಹಳ ವಿನಯದಿಂದ, ಫೋಟೋ ಸರಿಯಾಗಿ ಬರಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಇನ್ನೊಮ್ಮೆ ಬರಬಹುದೇ ಎಂದು ಬಾರ್ಬ್ಲಾಳನ್ನು ಕೇಳಿದ.

ಬೇಡವೆಂದು ನಾನು ಅಲ್ಲಿಂದಲೇ ಕೈ ಆಡಿಸಿದೆ. ಬಾರ್ಬ್ಲಾ ನನ್ನತ್ತ ನೋಡಿ, "ಇರ್ಲಿ ಬಿಡು, ಅವನೂ ಪಾಪ ದೂರದಿಂದ ಬಂದಾನ," ಎಂದಳು. ಬೆನ್ನ ಮೇಲೆ ತುಂಬಿದ ಪೀಪಾಯಿ, ಕಾಲ ಕೆಳಗೆ ನಿಮ್ಮೆಲ್ಲರ ಬೂಟು ಸವೆಸಿ ನುಣುಪಾದ ಒದ್ದೆ ಕಲ್ಲು. ತಿರುಗಿದವಳು ಹಾಗೇ ಪಕ್ಕಕ್ಕೆ ಬಿದ್ದಳು. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಓಡಿಹೋಗಿ ತಲೆ ಎತ್ತಿ ಹಿಡಿದಾಗ ಅವಳು ನೋವೆನ್ನಲಿಲ್ಲ. "ನೀರೆಲ್ಲಾ ಚೆಲ್ಲಿ ಹೋತಲ್ಲ, ನೀಲವ್ವ," ಎಂದಳು. ಆ ಮನುಷ್ಯ ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿ, ಹಾದಿಯ ಮೇಲೇ ಕುಳಿತು ಅತ್ತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಕೇಳಬಹುದು ಎನ್ನಿಸಿತಲ್ಲ, ಅದರ ಮೇಲೆ ಸಿಟ್ಟು. ಅದನ್ನು ಅವನಿಗೆ ಕಲಿಸಿದವರು ನೀವು.

ವಾರ ಕಳೆದ ಮೇಲೆ ಮಂಡಳಿಯ ಅಧಿಕಾರಿ ಹೆದ್ವಿಗ್ ನಮ್ಮ ಅಡುಗೆಮನೆಗೆ ಬಂದು ಕೂತಳು. ಕೆಟ್ಟವಳಲ್ಲ. ಬಾರ್ಬ್ಲಾಳಿಗೆ ಕೆಳಗಿನ ವೃದ್ಧಾಶ್ರಮದಲ್ಲಿ ಕೋಣೆ ಗೊತ್ತುಮಾಡಿದ್ದೇವೆ, ಅವಳು ಮತ್ತೆ ಬೆಟ್ಟ ಹತ್ತುವುದು ಬೇಡ ಎಂದಳು. ಪೈಪಿನ ವಿಷಯ ಏನಾಯಿತೆಂದು ನಾನು ಕೇಳಿದೆ. ಅವಳು, "ಆ ಮನೆಗೆ ಗಟ್ಟಿಮುಟ್ಟಾದ ಬೇರೆ ಯಾರನ್ನಾದರೂ ನೇಮಿಸೋಣ. ನೀರು ಹೊರುವುದನ್ನು ನೋಡುವುದಕ್ಕೆಂದೇ ಜನ ಬರುತ್ತಾರಲ್ಲ," ಎಂದಳು. ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ. ಮೆಲ್ಲಗೆ ಇಡದಿದ್ದರೆ ಎಸೆಯುತ್ತಿದ್ದೆ.

ಚಳಿಗಾಲ ಪೂರ್ತಿ ಊರಿನವರೆಲ್ಲ ಅದನ್ನೇ ಮಾತಾಡಿದೆವು. ಮಂಜು ಕರಗುತ್ತಲೇ, ಮುಚ್ಚಿಹೋಗಿದ್ದ ಹಾಲಿನ ಡೈರಿಯಿಂದ ಹಳೆಯ ಪೈಪುಗಳನ್ನು ಬಿಚ್ಚಿ ತಂದೆವು. ರಾತ್ರಿ ಅಗೆದು ಬೆಳಗಾಗುವುದರೊಳಗೆ ಕಲ್ಲು ಕೂರಿಸಿಬಿಡೋಣ, ಯಾರಿಗೂ ತಿಳಿಯದು ಎಂದು ಕೆಲವರು ಹೇಳಿದರು. ನನ್ನ ಅವ್ವ ಒಪ್ಪಲಿಲ್ಲ. "ಹಗಲೊತ್ತಿನ್ಯಾಗ ಅಗಿಯೋಣು. ನಾವೇನು ಕಳ್ಳರಾ?" ಎಂದಳು. ಹಾಗಾಗಿ ಹಾದಿಗರು ಬರುವ ಹೊತ್ತಿಗೇ ಸರಿಯಾಗಿ ಗುದ್ದಲಿ ಹಾಕಿದೆವು. ಮೊದಲ ಗುಂಪು ಬಂದು ನಿಂತಿತು. ಒಬ್ಬ ಅಜ್ಜಿ ಮುಂದೆ ಬಂದು ಏನು ಮಾಡುತ್ತಿದ್ದೀರೆಂದು ಕೇಳಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಷ್ಟರಲ್ಲಿ ಹೆದ್ವಿಗ್ ಏದುಸಿರು ಬಿಡುತ್ತ ಬಂದಳು. ಅಗೆಯುವುದನ್ನು ನಿಲ್ಲಿಸಿ, ಇಲ್ಲವಾದರೆ ಮನೆ ಬಿಡಿಸಬೇಕಾಗುತ್ತದೆ, ತೊಟ್ಟಿ ತುಂಬ ಹರಿಯುವ ನೀರಿಟ್ಟುಕೊಂಡು ನೀರಿಲ್ಲವೆಂದು ಜನರ ಮುಂದೆ ಅಳುವುದೇ ಎಂದಳು.

ನಾನು ತೊಟ್ಟಿಯಿಂದ ಒಂದು ಲೋಟ ನೀರು ತುಂಬಿ ತಂದು ಅವಳ ಮುಂದೆ ಹಿಡಿದೆ. "ಒಂದು ಗುಟುಕು ಕುಡೀರಿ. ನೀವು ಕುಡದ್ರ ಗುದ್ದಲಿ ಕೆಳಗಿಡ್ತೀವಿ."

ಅವಳು ಲೋಟ ತೆಗೆದುಕೊಂಡಳು. ಅಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಕೊನೆಗೆ ಅದನ್ನು ಹಾದಿಯ ಪಕ್ಕದ ಹುಲ್ಲಿಗೆ ಚೆಲ್ಲಿ ಇಳಿದು ಹೋದಳು. ಆ ಅಜ್ಜಿ ತನ್ನ ಕೈಚೀಲ ಪಕ್ಕಕ್ಕಿಟ್ಟು ಕಲ್ಲು ಎತ್ತಲು ಬಗ್ಗಿದಳು. ಗುಂಪಿನಲ್ಲಿ ಅರ್ಧದಷ್ಟು ಜನ ಅವಳನ್ನು ಹಿಂಬಾಲಿಸಿದರು. ಉಳಿದವರು ಫೋಟೋ ತೆಗೆದರು. ಸಂಜೆಯೊಳಗೆ ತೊಟ್ಟಿಯ ಮೋಟಾರನ್ನೇ ಕಿತ್ತು ಟ್ಯಾಂಕಿಗೆ ಕೂರಿಸಿದೆವು. ತೊಟ್ಟಿ ಬರಿದಾಯಿತು, ಮನೆಗಳಿಗೆ ನೀರು ಬಂತು.

ಮಂಡಳಿ ಮನೆ ಬಿಡಿಸಲಿಲ್ಲ. ಅಷ್ಟು ಜನರ ಕಣ್ಣೆದುರು ನಡೆದದ್ದಕ್ಕೆ ಹೆದರಿರಬೇಕು. ಆದರೆ ಲೆರ್ಕೆನನ್ನು ಹಾದಿಯಿಂದ ಕೈಬಿಟ್ಟಿತು. ನಮ್ಮೂರು ಈಗ ಪರಂಪರೆಯಲ್ಲವಂತೆ. ಹಾದಿಗರಿಗೆಂದು ಇದ್ದ ರೋಪ್‌ವೇ ಇಲ್ಲಿ ನಿಲ್ಲುವುದಿಲ್ಲ, ನಮ್ಮ ತಲೆಯ ಮೇಲೆಯೇ ಪಕ್ಕದ ಊರಿಗೆ ಹೋಗುತ್ತದೆ. ನಾವು ಕೈ ಬೀಸಿದರೆ ಒಳಗಿನವರೂ ಬೀಸುತ್ತಾರೆ. ಉಪ್ಪು, ಹಿಟ್ಟು, ಔಷಧಿ ಎಲ್ಲವೂ ಬೆನ್ನ ಮೇಲೆ ಬರಬೇಕು. ನೀರನ್ನು ಪಡೆದದ್ದಕ್ಕೆ ಇದು ಶಿಕ್ಷೆ. ಚೆಂದ ಕಾಣುತ್ತಿರುವವರೆಗೆ ಮಾತ್ರ ನಾವು ಬದುಕಬಹುದು ಎಂದು ಯಾರು ಗೊತ್ತುಮಾಡಿದರು? ನಿಮ್ಮ ಊರಿನಲ್ಲಿ, ನಿಮ್ಮ ಬಚ್ಚಲಲ್ಲಿ, ನೀವು ಇಂಥದ್ದನ್ನು ಒಂದು ದಿನವಾದರೂ ತಾಳಿಕೊಳ್ಳುತ್ತಿದ್ದಿರಾ?

ಬಾರ್ಬ್ಲಾ ವೃದ್ಧಾಶ್ರಮದಲ್ಲಿ ನಿಲ್ಲಲಿಲ್ಲ. ಬೇಸಿಗೆಯ ಮೊದಲಲ್ಲಿ ಹೇಸರಗತ್ತೆಯ ಮೇಲೆ ಕೂತು ಬಂದಳು. ಬಂದವಳೇ ತನ್ನ ಮನೆಯ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಕುಡಿದು, "ರುಚಿ ಇಲ್ಲ ಬಿಡು ಇದಕ್ಕ," ಎಂದಳು. ಆಮೇಲೆ ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. ನಾನು ಹೊರಗೆ ಬಂದುಬಿಟ್ಟೆ, ಅಲ್ಲಿ ನಿಂತಿರಲು ಆಗಲಿಲ್ಲ.

ಈಗ ಅವಳ ಸೊಂಟದ ನೋವು ಮರುಕಳಿಸಿದೆ, ಕಾಲು ಊದಿದೆ. ಹೇಸರಗತ್ತೆಯ ಕುಲುಕಾಟ ಅವಳಿಗೆ ಆಗುವುದಿಲ್ಲ. ನಾಳೆ ಅವಳನ್ನು ಕುರ್ಚಿಗೆ ಕಟ್ಟಿ, ನಾವು ನಾಲ್ವರು ಹೊತ್ತು, ಪಕ್ಕದ ಊರಿನ ರೋಪ್‌ವೇವರೆಗೆ ಒಯ್ಯುತ್ತೇವೆ. ಬೇರೆ ದಾರಿಗಳು ಕಡಿದಾಗಿವೆ. ಹಾಗಾಗಿ ನಿಮ್ಮ ಸಲೀಸು ಹಾದಿಯಲ್ಲೇ, ಪಕ್ಕದ ಊರಿನ ಬಳಿ ಹಾದಿಗರು ತುಂಬಿರುವ ಹೊತ್ತಿನಲ್ಲೇ ಹೋಗುತ್ತೇವೆ.

ನನ್ನ ಮಾತು ನಾಳೆ ಎದುರಾಗುವವರಿಗೆ ತಲುಪಲಾರದು. ನಿಮಗೆ ತಲುಪಬಹುದು. ನಿಮ್ಮ ಕಾಲದಲ್ಲೂ ಆ ಹಾದಿಯಲ್ಲಿ ಯಾರಾದರೂ ಏನನ್ನಾದರೂ ಹೊತ್ತುಕೊಂಡು ಎದುರು ಬರುತ್ತಾರೆ. ಆಗ ಕ್ಯಾಮೆರಾ ಕೆಳಗಿಳಿಸಿ, ದಾರಿ ಬಿಡಿ.

ನೀಲವ್ವ ಇಮ್‌ಬೋಡನ್