ಎರಡೂ ಎಡತೋಳು

ನನ್ನ ಕೋಣೆಯಿಂದ,
ಭಾನುವಾರ, ಜುಲೈ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಕೆಮ್ಮು ಕಡಿಮೆಯಾಯಿತೇ? ನನ್ನ ಚಿಂತೆಯಿಂದಲೇ ನಿನ್ನ ಬಿ.ಪಿ. ಏರಿದೆಯೆಂದು ಅವರು ಹೇಳಿದರು. ಆ ಅಪವಾದವೂ ನನ್ನ ತಲೆಗೇ ಬಂತು, ಇರಲಿ. ಫೋನಿನಲ್ಲಿ ನಾನು ಒಂದು ಮಾತು ಆಡುವುದರೊಳಗೆ ನೀನು ಹತ್ತು ಆಡುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನಗೂ ಆಗದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬೆನ್ನು ಇದ್ದ ಹಾಗೇ ಇದೆ. ಹೊಲಿಗೆ ಅಂಗಡಿಯ ಅಟ್ಟ ಕುಸಿದು ಬಟ್ಟೆಯ ಥಾನುಗಳೆಲ್ಲ ನನ್ನ ಮೇಲೆ ಬಿದ್ದು ಎರಡು ವರ್ಷವಾಯಿತು. ಮೂಳೆ ಕೂಡಿಕೊಂಡಿದೆ, ನೋವು ಮಾತ್ರ ಹೋಗಲೊಲ್ಲದ ನೆಂಟನ ಹಾಗೆ ಠಿಕಾಣಿ ಹೂಡಿದೆ. ನೋವಿಗೊಂದು ಮಾತ್ರೆ, ಹೆದರಿಕೆಗೊಂದು, ಅವೆರಡೂ ಹೊಟ್ಟೆ ಸುಡದಿರಲೆಂದು ಇನ್ನೊಂದು. ವ್ಯಾಯಾಮ ಮಾಡಿಸುವ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನೋಯಿಸಿ, 'ತುಂಬಾ ಚೆನ್ನಾಗಿ ಮಾಡಿದ್ರಿ' ಅನ್ನುತ್ತಾಳೆ. ಗುರುವಾರ ಮನಸ್ಸಿನ ಡಾಕ್ಟರಮ್ಮ. ಪಕ್ಕದ ಅಂಗಡಿಯ ಶಟರ್ ಬಿದ್ದ ಸದ್ದಿಗೆ ನಾನು ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದೆನಲ್ಲ, ಅವರು 'ಹೊರಗೆ ಬಂದು ಎದುರಿಗೇ ನಿಂತು ನೋಡಿ' ಅಂದರು. ಹಾಗೇ ಅಭ್ಯಾಸ ಮಾಡಿದೆ. ಎದೆ ಇವತ್ತಿಗೂ ಡವಡವ ಅನ್ನುತ್ತದೆ, ಕಾಲು ಮಾತ್ರ ಓಡುವುದಿಲ್ಲ. ಆ ಅಂಗಡಿಯವನು ನನಗೆ ತನ್ನ ಮೇಲೆ ಕಣ್ಣು ಎಂದು ತಿಳಿದು, ಈಗೀಗ ತಲೆ ಬಾಚಿಕೊಂಡು ಬಂದು ಶಟರ್ ಎಳೆಯುತ್ತಾನೆ!

ಕೋಟಿನ ಸುದ್ದಿ ನಿನ್ನ ಕಿವಿಗೂ ಬಿದ್ದಿದೆ. ಹೌದು, ನಾನೇ ಮಾಡಿದ್ದು. ಹೊಸ ಮಾತ್ರೆಯ ಮಂಪರಿನಲ್ಲಿ ಎರಡನೆಯ ತೋಳಿಗೆ ಬಟ್ಟೆಯನ್ನು ಮಗುಚಿ ಹಾಕುವುದನ್ನೇ ಮರೆತು ಕತ್ತರಿ ಆಡಿಸಿದೆ. ವಕೀಲರ ಕೋಟಿಗೆ ಎರಡೂ ಎಡತೋಳು. ಕೆಲಸ ಕಲಿಯುವವರು ಮೊದಮೊದಲು ಮಾಡುವ ತಪ್ಪು ಅದು. ಇಷ್ಟು ವರ್ಷ ಕತ್ತರಿ ಹಿಡಿದ ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಅಂಗಡಿಯ ಯಜಮಾನರು ಬೈಯಲಿಲ್ಲ, 'ಸ್ವಲ್ಪ ದಿನ ಮನೇಲಿರಮ್ಮ' ಅಂದರು. ಬೈದಿದ್ದರೇ ವಾಸಿಯಿತ್ತು. ನೆಟ್ಟಗೆ ಹೋಗಿ ಮಾತ್ರೆ ಬರೆದ ಡಾಕ್ಟರ ಜೊತೆ ವಾದಿಸಿದೆ. ಅವರು ಅದನ್ನು ರಾತ್ರಿಗೆ ಹಾಕಿ, ಪ್ರಮಾಣ ಇಳಿಸಿದರು. ಈಗ ನೋವು ತುಸು ಹೆಚ್ಚು, ಆದರೆ ಕಣ್ಣು ನಿಚ್ಚಳ. ಈ ವ್ಯಾಪಾರ ನನಗೆ ಒಪ್ಪಿಗೆ. ಕೈ ತಪ್ಪುತ್ತದೆಯೇ ಎಂದು ನೋಡಿಕೊಳ್ಳಲು ಮನೆಯ ಹಳೆಯ ಹೊದಿಕೆಗಳನ್ನೆಲ್ಲ ತೋಳುಗಳಾಗಿ ಕತ್ತರಿಸಿ ಹಾಕಿದ್ದೇನೆ. ಹೊದೆಯಲು ಏನೂ ಉಳಿದಿಲ್ಲ, ತಪ್ಪು ಮಾತ್ರ ಒಂದೂ ಇಲ್ಲ.

ತಿಂಗಳ ಕೊನೆಗೆ ಬಂದು ಕರೆದೊಯ್ಯುತ್ತೇನೆ ಅನ್ನುತ್ತೀಯ. 'ಆ ಮಾತ್ರೆಗಳನ್ನೆಲ್ಲ ಬಿಸಾಕು, ನಮ್ಮನೇಲಿ ಹಾಯಾಗಿ ಮಲಕ್ಕೋ.' ಮಲಗಿದರೆ ನನಗೆ ನೋವೊಂದೇ ಜೊತೆ, ಅಕ್ಕ. ಮಾತ್ರೆಯನ್ನೂ ಬಿಡುವುದಿಲ್ಲ, ಕತ್ತರಿಯನ್ನೂ ಬಿಡುವುದಿಲ್ಲ. ನೋವು ಹೋದ ಮೇಲೆ ಬದುಕೋಣವೆಂದು ಕಾದು ಕುಳಿತರೆ ಮುದುಕಿಯಾಗುತ್ತೇನೆ ಅಷ್ಟೆ. ಎಲ್ಲರೂ ನನ್ನನ್ನು ಸೀಳು ಬಿಟ್ಟ ಪಾತ್ರೆಯ ಹಾಗೆ ಮೂಲೆಗೆ ಎತ್ತಿಡಲು ನೋಡುತ್ತೀರಿ. ಮೈಯೆಲ್ಲ ಉರಿಯುತ್ತದೆ ನನಗೆ.

ಭಾವನಿಗೆ ನಮಸ್ಕಾರ, ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿನ್ನ ಮೇಲೆ ಕೋಪವಿದೆ. ಪ್ರೀತಿ ಅದಕ್ಕಿಂತ ಒಂದು ಗೇಣು ಹೆಚ್ಚೇ ಇದೆ.

ನಿನ್ನ ಹಟಮಾರಿ ತಂಗಿ

ತಾ.ಕ.: ನಿನ್ನೆ ಅಂಗಡಿಗೆ ಹೋಗಿದ್ದೆ. ನನ್ನ ಮೇಜಿನ ಮುಂದೆ ಬೇರೆಯವನು ನಿಂತಿದ್ದ. 'ಅವಳಿನ್ನು ಬರಲ್ಲ ಅಂತ ನಿಮ್ಮಕ್ಕನೇ ಫೋನ್ ಮಾಡಿದ್ರಲ್ಲಮ್ಮ' ಅಂದರು ಯಜಮಾನರು. ನನ್ನನ್ನು ಒಂದು ಮಾತೂ ಕೇಳದೆ ನನ್ನ ಕೆಲಸ ಬಿಡಿಸಿದೆಯಾ? ಅಟ್ಟ ಬಿದ್ದಾಗಲೂ ಇಷ್ಟು ನೋಯಲಿಲ್ಲ. ಅಲ್ಲೇ ಅವನ ಕೈಯಿಂದ ಕತ್ತರಿ ಇಸಿದುಕೊಂಡು ಒಂದು ಕೋಟು ಕತ್ತರಿಸಿ ತೋರಿಸಿದೆ. ಯಜಮಾನರು ತೋಳುಗಳನ್ನು ಜೋಡಿಸಿ ನೋಡಿ, 'ಕೈಯೇನೋ ಸರಿಯಾಗೇ ಇದೆ. ಮನೆಯವರೇ ಬೇಡ ಅಂದ ಮೇಲೆ ನಾನು ಹೆಂಗೆ ಇಟ್ಕೊಳ್ಳಲಿ?' ಅಂದರು. ಈ ಕಾಗದ ಕೈಸೇರಿದ ಕೂಡಲೇ ಅವರಿಗೆ ಫೋನ್ ಮಾಡಿ, 'ನಾನು ಹೇಳಿದ್ದು ತಪ್ಪು' ಅನ್ನು. ತಿಂಗಳ ಕೊನೆಗೆ ಕರೆದೊಯ್ಯಲು ಬರಬೇಡ. ನೋಡಲು ಬಾ. ಅಂಗಡಿಯಲ್ಲಿರುತ್ತೇನೆ.